ಲಯ ಯಾರ ಕೈಯಲ್ಲಿದೆ?

ವಿಲಿಯಂ ಹ್ಯಾಜ್ಲಿಟ್‌ನ ‘ದಿ ಇಂಡಿಯನ್ ಜಗ್ಲರ್ಸ್’ ಪ್ರಬಂಧದ ಹೆಸರನ್ನು ಇಂಗ್ಲಿಷ್ ಸಾಹಿತ್ಯ ಓದಿದವರು ಕೇಳಿಯೇ ಇರುತ್ತಾರೆ. 1821ರಲ್ಲಿ ಬಂದ ‘ಟೇಬಲ್ ಟಾಕ್’ ಸಂಪುಟದಲ್ಲಿ ಅದು ಇದೆ. ಲಂಡನ್ನಿನ ಜನರ ಎದುರು ಬಿಳಿ ಬಟ್ಟೆ, ಬಿಗಿದ ಮುಂಡಾಸಿನ ಭಾರತೀಯನೊಬ್ಬ ನೆಲದ ಮೇಲೆ ಕುಳಿತು ಹಿತ್ತಾಳೆ ಗುಂಡುಗಳನ್ನು ತೂರಿ ಹಿಡಿಯುತ್ತಾನೆ. ಎರಡರಿಂದ ಶುರುವಾದ ಆಟ ನಾಲ್ಕಕ್ಕೆ ಮುಟ್ಟುತ್ತದೆ. ನೋಡುತ್ತಿದ್ದ ಹ್ಯಾಜ್ಲಿಟ್‌ಗೆ ಮೊದಲು ಬೆರಗು, ಆಮೇಲೆ ನಾಚಿಕೆ. ಇವನ ಕೆಲಸದ ಪಕ್ಕ ಇಟ್ಟು ನೋಡಲು ತನ್ನ ಬಳಿ ಏನಿದೆ? ಇಷ್ಟು ವರ್ಷ ಬರೆದ ಪ್ರಬಂಧಗಳಲ್ಲಿ ಒಂದಾದರೂ ಇಷ್ಟು ಪೂರ್ಣವಾಗಿ ಬಂದಿದೆಯೆ? ಹೀಗೆ ತನ್ನನ್ನೇ ಹಳಿದುಕೊಳ್ಳುತ್ತ ಹೊರಟ ಬರಹ ಕೈಚಳಕ, ಪ್ರತಿಭೆ, ಹಿರಿಮೆ ಇವುಗಳ ನಡುವಿನ ಅಂತರವನ್ನು ಹುಡುಕಲು ತೊಡಗುತ್ತದೆ.

ಅವನ ವಾದ ಸರಳ. ಗುಂಡು ತೂರುವವನಿಗೆ ತಪ್ಪು ಕೂಡಲೇ ಗೊತ್ತಾಗುತ್ತದೆ. ಗುಂಡು ಕೈಗೆ ಬಂತು, ಇಲ್ಲವೆ ನೆಲಕ್ಕೆ ಬಿತ್ತು. ನಡುವಿನ ಸ್ಥಿತಿ ಇಲ್ಲ. ಹಾಗಾಗಿ ಅಭ್ಯಾಸದಿಂದ ಪರಿಪೂರ್ಣತೆ ಸಾಧ್ಯ. ಬರೆಯುವವನಿಗೆ ಈ ಭಾಗ್ಯವಿಲ್ಲ. ವಾಕ್ಯ ಕೆಳಗೆ ಬಿದ್ದರೂ ಸದ್ದಾಗುವುದಿಲ್ಲ. ಕೆಟ್ಟ ಪುಸ್ತಕ ಒಳ್ಳೆಯದೆಂದು ನಲವತ್ತು ವರ್ಷ ಓಡಾಡಬಹುದು. ಆದರೆ ಇದೇ ಕಾರಣಕ್ಕೆ ಗುಂಡು ತೂರುವ ಕಲೆ ಯಾಂತ್ರಿಕ ಎಂದೂ, ಚಿತ್ರ, ಕಾವ್ಯಗಳಲ್ಲಿ ಮನುಷ್ಯನ ಒಳಗು ತೊಡಗುವುದರಿಂದ ಅವು ಬೇರೆ ದರ್ಜೆಯವು ಎಂದೂ ಅವನು ತೀರ್ಮಾನಿಸುತ್ತಾನೆ. ಮೊದಲರ್ಧದಲ್ಲಿ ಆಟಗಾರನನ್ನು ಎತ್ತರದಲ್ಲಿ ಕೂರಿಸಿ, ಎರಡನೆಯ ಅರ್ಧದಲ್ಲಿ ಮೆಲ್ಲಗೆ ಕೆಳಗಿಳಿಸುತ್ತಾನೆ.

ಇನ್ನೂರು ವರ್ಷಗಳ ಬಳಿಕ ಈ ಪ್ರಬಂಧವನ್ನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯಿಂದ ಓದಿದರೆ ಅದರ ಒಂದು ಕುರುಡು ಎದ್ದು ಕಾಣುತ್ತದೆ. ಕೈಗೆಲಸವನ್ನು ಸಾವಿರದ ಲೆಕ್ಕದಲ್ಲಿ ಎಣಿಸುವ ಊರು ಈ ಸೀಮೆಯ ಒಂದು ತುದಿಯಲ್ಲಿದೆ. ನಿಧಾನವನ್ನೇ ಸಾಧನೆಯಾಗಿ ಎಣಿಸಿದ ಸಂಗೀತದ ಊರು ಇನ್ನೊಂದು ತುದಿಯ ಆಚೆಗಿದೆ. ಎರಡನ್ನೂ ಬಲ್ಲವರಿಗೆ ಹ್ಯಾಜ್ಲಿಟ್ ಏನನ್ನು ನೋಡಲಿಲ್ಲ ಎಂಬುದು ತಿಳಿಯುತ್ತದೆ. ಅವನು ನೋಡಿದ್ದು ವೇಗವನ್ನು ಮಾತ್ರ. ಆಟಗಾರ ಅದೇ ಗುಂಡುಗಳನ್ನು ನಿಧಾನವಾಗಿಯೂ ಆಡಿಸಬಲ್ಲನೆ, ಎಷ್ಟು ನಿಧಾನವಾಗಿ, ಹಾಗೆ ಆಡಿಸುವ ಸ್ವಾತಂತ್ರ್ಯ ಅವನಿಗೆ ಇತ್ತೆ ಎಂಬ ಪ್ರಶ್ನೆಗಳು ಪ್ರಬಂಧದಲ್ಲಿ ಬರುವುದೇ ಇಲ್ಲ.

ಈ ಪ್ರಶ್ನೆ ಯಾಕೆ ಮುಖ್ಯ ಎಂದು ತಿಳಿಯಲು ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಆಡುವ ಹರಳಾಟ ಸಾಕು. ಐದು ಹರಳು, ಇಲ್ಲವೆ ಐದು ಗಜ್ಜುಗ. ಒಂದನ್ನು ಮೇಲಕ್ಕೆ ತೂರಿ, ಅದು ಬೀಳುವಷ್ಟರಲ್ಲಿ ನೆಲದ ಮೇಲಿನ ಒಂದನ್ನು ಎತ್ತಿಕೊಂಡು ಎರಡನ್ನೂ ಅದೇ ಕೈಯಲ್ಲಿ ಹಿಡಿಯಬೇಕು. ಆಮೇಲೆ ಎರಡೆರಡು, ಮೂರು, ಕೊನೆಗೆ ನಾಲ್ಕನ್ನೂ ಒಂದೇ ಸಲ ಬಾಚಬೇಕು. ನೆಲದ ಮೇಲಿನ ಕೆಲಸ ಹೆಚ್ಚಿದಂತೆ ಆಡುವ ಹುಡುಗಿ ಹರಳನ್ನು ಹೆಚ್ಚು ಎತ್ತರಕ್ಕೆ ತೂರುತ್ತಾಳೆ. ಯಾರೂ ಅವಳಿಗೆ ಭೌತಶಾಸ್ತ್ರ ಹೇಳಿಕೊಟ್ಟಿಲ್ಲ. ಮೇಲೆ ಹೋದ ಹರಳು ಕೆಳಗಿನ ಕೈಗೆ ಸಮಯ ಕೊಡುತ್ತದೆ ಎಂಬುದು ಅವಳ ಬೆರಳಿಗೆ ಗೊತ್ತು.

ಆ ಸಮಯದ ಬೆಲೆ ಮಾತ್ರ ದುಬಾರಿ. ಒಂದು ವಸ್ತುವನ್ನು 30 ಸೆಂಟಿಮೀಟರ್ ಎತ್ತರಕ್ಕೆ ತೂರಿದರೆ ಅದು ಕೈಗೆ ಮರಳಲು ಸುಮಾರು ಅರ್ಧ ಸೆಕೆಂಡು ಹಿಡಿಯುತ್ತದೆ. ಪೂರ್ತಿ ಒಂದು ಸೆಕೆಂಡು ಬೇಕಾದರೆ ಸುಮಾರು 1.2 ಮೀಟರ್ ತೂರಬೇಕು. ಎರಡು ಸೆಕೆಂಡಿಗೆ ಸುಮಾರು 5 ಮೀಟರ್. ಸಮಯ ಎರಡು ಪಟ್ಟಾದರೆ ಎತ್ತರ ನಾಲ್ಕು ಪಟ್ಟು. ಕೈ ಬಿಡುವಾಗಿನ ಸಣ್ಣ ವಾಲು 30 ಸೆಂಟಿಮೀಟರಿನಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅದೇ ವಾಲು 5 ಮೀಟರ್ ಎತ್ತರಕ್ಕೆ ಹೋಗಿ ಬರುವಷ್ಟರಲ್ಲಿ ಚೆಂಡನ್ನು ಕೈಗೆ ಸಿಗದಷ್ಟು ದೂರ ಒಯ್ಯುತ್ತದೆ. ಎಂದರೆ ಈ ಆಟದಲ್ಲಿ ನಿಧಾನ ಎಂಬುದು ಸೋಮಾರಿಗಳ ದಾರಿಯಲ್ಲ. ಬೇಗ ಆಡುವವನು ಸಮಯದ ಕೊರತೆಯನ್ನು ಎದುರಿಸುತ್ತಾನೆ, ನಿಧಾನ ಆಡುವವನು ಎತ್ತರವನ್ನು ಎದುರಿಸುತ್ತಾನೆ. ಎರಡೂ ಕಡೆ ಬೀಳುವ ಭಯ ಒಂದೇ.

ಇದನ್ನು ಲೆಕ್ಕಕ್ಕೆ ಇಳಿಸಿದವನು ಕ್ಲಾಡ್ ಶಾನನ್. 1948ರಲ್ಲಿ ಮಾಹಿತಿ ಸಿದ್ಧಾಂತಕ್ಕೆ ಅಡಿಪಾಯ ಹಾಕಿದ ಗಣಿತಜ್ಞ. ಇವತ್ತು ನಾವು ಬಳಸುವ ಫೋನಿನ ಹಿಂದೆ ಅವನ ಆಲೋಚನೆ ಇದೆ. ಅವನಿಗೆ ಚೆಂಡು ತೂರುವ ಹುಚ್ಚು ವಿಪರೀತ. ಚೆಂಡು ಆಡಿಸುವ ಯಂತ್ರವನ್ನೂ ಮಾಡಿದ್ದ. 1980ರ ಸುಮಾರಿಗೆ ಈ ಆಟದ ವಿಜ್ಞಾನದ ಮೇಲೆ ಒಂದು ಲೇಖನವನ್ನೂ ಬರೆದ. ಚೆಂಡು ಗಾಳಿಯಲ್ಲಿರುವ ಸಮಯ, ಕೈಯಲ್ಲಿರುವ ಸಮಯ, ಕೈ ಖಾಲಿಯಿರುವ ಸಮಯ ಈ ಮೂರಕ್ಕೂ ಚೆಂಡುಗಳ ಸಂಖ್ಯೆ, ಕೈಗಳ ಸಂಖ್ಯೆಗೂ ಇರುವ ನಂಟನ್ನು ಅವನು ಒಂದೇ ಸಮೀಕರಣದಲ್ಲಿ ಹೇಳಿದ. ಅದರಿಂದ ಹೊರಡುವ ಒಂದು ಫಲಿತಾಂಶ ಸಾಹಿತ್ಯದ ವಿದ್ಯಾರ್ಥಿಗಳೂ ಗಮನಿಸಬೇಕಾದದ್ದು.

ತೂರುವ ಎತ್ತರವನ್ನು ಬದಲಿಸದೆ ಆಟವನ್ನು ಎಷ್ಟು ಬೇಗ, ಎಷ್ಟು ನಿಧಾನ ಆಡಬಹುದು? ಬೇಗದ ತುದಿಯಲ್ಲಿ ಚೆಂಡು ಕೈಗೆ ಮುಟ್ಟಿದ ಗಳಿಗೆಯಲ್ಲೇ ಹಾರಿಹೋಗುತ್ತದೆ, ಕೈ ಯಾವಾಗಲೂ ಖಾಲಿ. ನಿಧಾನದ ತುದಿಯಲ್ಲಿ ಕೈ ಯಾವಾಗಲೂ ತುಂಬಿರುತ್ತದೆ, ಮುಂದಿನ ಚೆಂಡು ಬಂದು ಕೂರುವ ಕ್ಷಣಕ್ಕೆ ಮಾತ್ರ ಮೊದಲಿನದು ಎದ್ದು ಹೋಗುತ್ತದೆ. ಎರಡು ಕೈಯಲ್ಲಿ ಮೂರು ಚೆಂಡು ಆಡುವಾಗ ಈ ಎರಡು ತುದಿಗಳ ನಡುವೆ ಮೂರು ಪಟ್ಟು ವ್ಯತ್ಯಾಸವಿದೆ. ನಾಲ್ಕು ಚೆಂಡಿಗೆ ಅದು ಎರಡು ಪಟ್ಟು. ಐದಕ್ಕೆ 1.67 ಪಟ್ಟು. ಒಂಬತ್ತಕ್ಕೆ ಹೋದರೆ 1.29 ಪಟ್ಟು ಅಷ್ಟೆ. ಮನುಷ್ಯನ ಕೈ ಈ ತುದಿಗಳನ್ನು ಮುಟ್ಟಲಾರದು, ಹಾಗಾಗಿ ನಿಜದ ಆಟದಲ್ಲಿ ಅವಕಾಶ ಇನ್ನೂ ಕಿರಿದು. ಚೆಂಡು ಹೆಚ್ಚಿದಷ್ಟೂ ನೋಡುವವರ ಚಪ್ಪಾಳೆ ಹೆಚ್ಚುತ್ತದೆ, ಆಡುವವನ ಲಯದ ಸ್ವಾತಂತ್ರ್ಯ ಕಡಿಮೆಯಾಗುತ್ತದೆ.

ಈಗ ಹ್ಯಾಜ್ಲಿಟ್‌ಗೆ ಮರಳೋಣ. ಎರಡು ಗುಂಡಿನಿಂದ ನಾಲ್ಕು ಗುಂಡಿಗೆ ಹೋದದ್ದನ್ನು ಅವನು ಏರಿಕೆ ಎಂದು ಮಾತ್ರ ಓದಿದ. ಶಾನನ್ನನ ಲೆಕ್ಕದ ಪ್ರಕಾರ ಅದು ಏರಿಕೆಯೂ ಹೌದು, ಇಕ್ಕಟ್ಟೂ ಹೌದು. ನಾಲ್ಕು ಗುಂಡು ಆಡುವವನಿಗೆ ತನ್ನದೇ ಆದ ನಡೆಗೆ ಉಳಿಯುವ ಜಾಗ ಎರಡು ಪಟ್ಟಿನ ಒಳಗಿನದು. ಆ ಜಾಗದಲ್ಲಿಯೇ ಇಬ್ಬರು ಆಟಗಾರರ ನಡುವಿನ ವ್ಯತ್ಯಾಸ ಹುಟ್ಟುತ್ತದೆ. ಒಬ್ಬ ಗುಂಡನ್ನು ಅಂಗೈಯಲ್ಲಿ ಒಂದು ಗಳಿಗೆ ಹೆಚ್ಚು ಕೂರಿಸಿಕೊಳ್ಳುತ್ತಾನೆ, ಇನ್ನೊಬ್ಬ ಸುಟ್ಟವನಂತೆ ಕೂಡಲೇ ಬಿಡುತ್ತಾನೆ. ಮೊದಲನೆಯವನ ಆಟ ಹರಿದಂತೆ ಕಾಣುತ್ತದೆ, ಎರಡನೆಯವನದು ಸಿಡಿದಂತೆ. ಇದನ್ನು ಶೈಲಿ ಎನ್ನದೆ ಬೇರೇನು ಎನ್ನಬೇಕು? ಯಾಂತ್ರಿಕ ಎಂದು ಹ್ಯಾಜ್ಲಿಟ್ ಬದಿಗಿಟ್ಟ ಕಲೆಯ ಒಳಗೇ ಅವನು ಕಾವ್ಯಕ್ಕೆ ಮೀಸಲಿಟ್ಟಿದ್ದ ಗುಣ ಇತ್ತು. ಗುಂಡುಗಳನ್ನು ಎಣಿಸಿದವನಿಗೆ ಅದು ಕಾಣಲಿಲ್ಲ.

ಅವನಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನ ಒಬ್ಬ ಬರಹಗಾರನಿಗೆ ಕಂಡಿತ್ತು. ದಂಡಿಯ ‘ದಶಕುಮಾರಚರಿತ’ದಲ್ಲಿ ಮಿತ್ರಗುಪ್ತ ಹೇಳುವ ಕಥೆಯಿದೆ. ಸುಹ್ಮ ದೇಶದ ದಾಮಲಿಪ್ತ ಪಟ್ಟಣದಲ್ಲಿ ರಾಜಕುಮಾರಿ ಕಂದುಕಾವತಿ ವಿಂಧ್ಯವಾಸಿನಿ ದೇವಿಗೆ ಚೆಂಡಾಟದ ಸೇವೆ ಸಲ್ಲಿಸುತ್ತಾಳೆ. ಇದು ಹಲವು ಚೆಂಡುಗಳನ್ನು ಗಾಳಿಯಲ್ಲಿ ಉಳಿಸುವ ಆಟವಲ್ಲ; ಒಂದು ಚೆಂಡನ್ನು ನೆಲಕ್ಕೆ ಹೊಡೆದು ಪುಟಿಸಿ, ಮೇಲೆದ್ದಾಗ ಹಿಡಿದು, ಮತ್ತೆ ಬಿಟ್ಟು, ಅದರೊಂದಿಗೆ ಹೆಜ್ಜೆ ಹಾಕುವ ನೃತ್ಯ. ದಂಡಿ ಅದನ್ನು ವರ್ಣಿಸುವಾಗ ಸಂಗೀತದವರ ಮಾತನ್ನೇ ಬಳಸುತ್ತಾನೆ. ವಿಲಂಬಿತ, ಮಧ್ಯ, ದ್ರುತ ಈ ಮೂರೂ ಲಯಗಳಲ್ಲಿ ಅವಳ ಕೈ ಆಡುತ್ತದೆ. ಚೆಂಡು ಸುಮ್ಮನಾಗಲು ಹೊರಟರೆ ಕರುಣೆಯಿಲ್ಲದೆ ಹೊಡೆದು ಎಬ್ಬಿಸುತ್ತಾಳೆ, ಅದು ತೀರಾ ಎಗರಾಡಿದರೆ ತಣಿಸುತ್ತಾಳೆ.

ಮಿತ್ರಗುಪ್ತ ನಿಷ್ಪಕ್ಷಪಾತಿ ವಿಮರ್ಶಕನಲ್ಲ, ನೋಡುತ್ತಿದ್ದಂತೆಯೇ ಅವಳಿಗೆ ಮನಸೋತವನು. ಅವನ ಕಣ್ಣು ಚೆಂಡಿಗಿಂತ ಹೆಚ್ಚು ಹೊತ್ತು ಅವಳ ಮೈಮೇಲೆಯೇ ಇದೆ ಎಂದು ಇವತ್ತಿನ ಓದುಗರು ಆಕ್ಷೇಪಿಸಿದರೆ ಅದೂ ಸರಿ. ಆದರೂ ಅವನ ನೋಟಕ್ಕೆ ಸಿಕ್ಕಿದ್ದು ಹ್ಯಾಜ್ಲಿಟ್‌ಗೆ ಸಿಗಲಿಲ್ಲ. ಲಂಡನ್ನಿನ ನೋಡುಗ ಆಟಗಾರನನ್ನು ತನ್ನ ಜೊತೆ ಹೋಲಿಸಿಕೊಳ್ಳುತ್ತ ಕೂತ. ದಾಮಲಿಪ್ತದ ನೋಡುಗ ತನ್ನನ್ನು ಮರೆತು, ಲಯ ಬದಲಾಗುವ ಜಾಗಗಳನ್ನು ಒಂದೊಂದಾಗಿ ಗುರುತಿಸಿದ. ಒಂದು ಲಯದಲ್ಲಿ ಪಳಗಿದವಳು ಎಂಬುದಕ್ಕಿಂತ, ಒಂದು ಲಯದಿಂದ ಇನ್ನೊಂದಕ್ಕೆ ತನ್ನಿಚ್ಛೆಯಂತೆ ಹೋಗಬಲ್ಲವಳು ಎಂಬುದೇ ಕಂದುಕಾವತಿಯ ಹಿರಿಮೆ. ಇದೇ ದಂಡಿಯ ‘ಕಾವ್ಯಾದರ್ಶ’ವನ್ನು ಎದುರಿಗಿಟ್ಟುಕೊಂಡು ಒಂಬತ್ತನೆಯ ಶತಮಾನದಲ್ಲಿ ನಮ್ಮ ‘ಕವಿರಾಜಮಾರ್ಗ’ ರೂಪುಗೊಂಡಿತು. ತಿರುಳ್ಗನ್ನಡದ ನಾಡನ್ನು ಗುರುತಿಸಲು ಅದು ಹೆಸರಿಸುವ ಊರುಗಳಲ್ಲಿ ಒಕ್ಕುಂದವೂ ಒಂದು. ಅದು ಇರುವುದು ಬೆಳಗಾವಿ ಜಿಲ್ಲೆಯಲ್ಲೇ. ಕನ್ನಡ ವಿಮರ್ಶೆಯ ಮೊದಲ ಪಾಠ ಕಲಿಸಿದವರ ಗುರು ಚೆಂಡಾಟದಲ್ಲಿ ಲಯ ನೋಡಿದವನು. ಹ್ಯಾಜ್ಲಿಟ್‌ನನ್ನು ಓದುವಾಗ ನಾವು ಇದನ್ನು ಮರೆಯಬೇಕಿಲ್ಲ.

ವಿಲಂಬಿತದ ಮಾತು ಬಂದಮೇಲೆ ಕಾಗವಾಡ ದಾಟಿ ಮಿರಜಿಗೆ ಹೋಗದೆ ವಿಧಿಯಿಲ್ಲ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ (1872–1937) ಬದುಕಿನ ಕೊನೆಯ ಭಾಗದಲ್ಲಿ ನೆಲೆಸಿದ ಊರು ಅದು. ಅಲ್ಲಿಯ ದರ್ಗಾದ ಆವರಣದಲ್ಲಿ ಅವರ ಸಮಾಧಿಯಿದೆ. ಅವರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರಿಗೆ ಬಂದ ಗಾಯನದ ಗುರುತು ರಾಗವನ್ನು ಒಂದೊಂದೇ ಸ್ವರವಾಗಿ, ಅವಸರವಿಲ್ಲದೆ ಬಿಡಿಸುವುದು. ಅತಿವಿಲಂಬಿತ ಏಕತಾಲದಲ್ಲಿ ಹನ್ನೆರಡು ಮಾತ್ರೆಗಳ ಒಂದು ಆವರ್ತನ ಸುಮಾರು ಒಂದು ನಿಮಿಷ ಹಿಡಿಯುತ್ತದೆ. ಒಂದು ನಿಮಿಷದ ಬಳಿಕ ಸಮ್ ಎಲ್ಲಿ ಬರುತ್ತದೆ ಎಂಬುದನ್ನು ಗಾಯಕರೂ ತಬಲಾದವರೂ ಒಟ್ಟಿಗೆ ಮುಟ್ಟಬೇಕು. ದ್ರುತದಲ್ಲಿ ಒಂದು ಮಾತ್ರೆ ಜಾರಿದರೆ ಮುಂದಿನದು ಕೈ ಹಿಡಿಯುತ್ತದೆ. ವಿಲಂಬಿತದಲ್ಲಿ ಎರಡು ಮಾತ್ರೆಗಳ ನಡುವಿನ ಬಯಲನ್ನು ಒಳಗಿನ ಎಣಿಕೆಯಿಂದಲೇ ದಾಟಬೇಕು. ಎತ್ತರಕ್ಕೆ ತೂರಿದ ಚೆಂಡಿನ ಕಥೆಯೇ ಇದು. ಸಮಯ ಹೆಚ್ಚು ಸಿಕ್ಕಿದಷ್ಟೂ ಗುರಿಯ ನಿಖರತೆಯ ಮೇಲಿನ ಭಾರ ಹೆಚ್ಚು.

ಹಾಗಿದ್ದೂ ಖಾನ್ ಸಾಹೇಬರ ದನಿ ನಮಗೆ ಉಳಿದಿರುವುದು 78 ಆರ್‌ಪಿಎಂ ತಟ್ಟೆಗಳಲ್ಲಿ. ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಮೂರು ನಿಮಿಷದ ಆಸುಪಾಸು. ಮೂರು ಆವರ್ತನಕ್ಕೇ ಮುಗಿದುಹೋಗುವ ಜಾಗದಲ್ಲಿ ವಿಸ್ತಾರವಾದ ವಿಲಂಬಿತ ಹೇಗೆ ಸಾಧ್ಯ? ಅವರ ಹೆಸರಾಂತ ಭೈರವಿ ಠುಮರಿ ಕೇಳಿದರೆ ಉತ್ತರ ಸಿಗುತ್ತದೆ. ಗಡಿಯಾರದ ಲೆಕ್ಕದಲ್ಲಿ ಅದು ಚಿಕ್ಕದು, ಕೇಳುವಾಗ ಅವಸರದ ಸುಳಿವೇ ಇಲ್ಲ. ಸ್ವರವನ್ನು ಬಿಡುವ ಮುಂಚಿನ ತಡೆಯಲ್ಲಿ, ಚೆಂಡನ್ನು ಅಂಗೈಯಲ್ಲಿ ಒಂದು ಗಳಿಗೆ ಹೆಚ್ಚು ಇಟ್ಟುಕೊಳ್ಳುವವನ ನೆಮ್ಮದಿ ಇದೆ. ಯಂತ್ರ ಹೊರಗಿನ ಅಳತೆಯನ್ನು ಗೊತ್ತುಮಾಡಿತು. ಒಳಗಿನ ಲಯವನ್ನು ಅವರು ಬಿಟ್ಟುಕೊಡಲಿಲ್ಲ. ನಿಧಾನ ಎಂಬುದು ಉದ್ದವಲ್ಲ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ಕಾಣೆ.

ಇಲ್ಲಿಯವರೆಗಿನ ಮಾತು ಮಾಡುವವರ ಸಾಮರ್ಥ್ಯದ ಬಗ್ಗೆ. ನಿಪ್ಪಾಣಿಗೆ ಬಂದರೆ ಮಾತು ತಿರುಗುತ್ತದೆ. ತಂಬಾಕಿನ ಊರು ಅದು. ಬೀಡಿ ಕಟ್ಟುವ ಹೆಣ್ಣುಮಕ್ಕಳ ಕೈಯನ್ನು ಹ್ಯಾಜ್ಲಿಟ್ ನೋಡಿದ್ದರೆ ಇನ್ನೊಂದು ಪ್ರಬಂಧ ಬರೆಯುತ್ತಿದ್ದ. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಚಿಟಿಕೆ ತಂಬಾಕು ಹರಡಿ, ಸುರುಳಿ ಸುತ್ತಿ, ತುದಿ ಮಡಚಿ, ದಾರ ಕಟ್ಟುವಷ್ಟರಲ್ಲಿ ಇನ್ನೊಂದು ಕೈ ಮುಂದಿನ ಎಲೆಗೆ ಚಾಚಿರುತ್ತದೆ. ಕೂಲಿ ಸಾವಿರದ ಲೆಕ್ಕದಲ್ಲಿ. ಒಂದು ಸಾವಿರ ಬೀಡಿಯನ್ನು ಎಂಟು ತಾಸಿನಲ್ಲಿ ಮುಗಿಸಬೇಕಾದರೆ ಒಂದಕ್ಕೆ 29 ಸೆಕೆಂಡು ಕೂಡ ಸಿಗುವುದಿಲ್ಲ. ಆ 29 ಸೆಕೆಂಡಿನೊಳಗೆ ಮಗುವಿನ ಅಳು, ಒಲೆಯ ಮೇಲಿನ ಅನ್ನ, ನೀರು ಬರುವ ಹೊತ್ತು ಎಲ್ಲವೂ ಇವೆ. ಕಳಪೆ ಎಂದು ಬದಿಗಿಟ್ಟ ಬೀಡಿ ಕೂಲಿಯ ಜಗಳಕ್ಕೆ ಕಾರಣವಾಗುತ್ತದೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯೇ ತಿರಸ್ಕೃತ ಬೀಡಿಯ ವ್ಯಾಜ್ಯಗಳನ್ನು ಹೆಸರಿಸಿ ಹೇಳಿತ್ತು.

ಹೊರಗಿನವರು ಈ ಕೈಯನ್ನು ನೋಡಿ ಎಷ್ಟು ಚುರುಕು ಎನ್ನುತ್ತಾರೆ. ಆ ಹೊಗಳಿಕೆಯಲ್ಲಿ ಹ್ಯಾಜ್ಲಿಟ್‌ನ ಕುರುಡೇ ಮುಂದುವರಿದಿದೆ. ಬೀಡಿ ಕಟ್ಟುವಾಕೆಯ ಲಯದ ಒಂದು ತುದಿಯನ್ನು ಅವಳ ಬೆರಳಿನ ಮಿತಿ ಗೊತ್ತುಮಾಡುತ್ತದೆ, ಇನ್ನೊಂದು ತುದಿಯನ್ನು ಮನೆಯ ಖರ್ಚು. ಎರಡೂ ಒಂದಕ್ಕೊಂದು ಒತ್ತಿಕೊಂಡಿವೆ. ಕಂದುಕಾವತಿಗೆ ಇದ್ದ ಮೂರು ಲಯಗಳಲ್ಲಿ ಆಕೆಗೆ ಉಳಿದದ್ದು ಒಂದೇ. ಆಕೆಗೆ ನಿಧಾನ ಗೊತ್ತಿಲ್ಲ ಎಂದಲ್ಲ. ಅದೇ ಕೈ ಸಂಜೆ ಹೊಸ್ತಿಲ ಮುಂದೆ ರಂಗೋಲಿ ಎಳೆಯುವಾಗ, ಮಗಳ ತಲೆ ಬಾಚುವಾಗ ಎಷ್ಟು ನಿಧಾನವಾಗಿ ಹೋಗುತ್ತದೆ! ಬೀಡಿಯ ಮುಂದೆ ಕೂತಾಗ ಮಾತ್ರ ನಿಧಾನಕ್ಕೆ ಬೆಲೆ ತೆರಬೇಕು, ಆ ಬೆಲೆಯನ್ನು ಕೂಲಿಯಲ್ಲಿಯೇ ತೆರಬೇಕು.

ಯುಗಾಂತರ್ ಎಂಬ ಮಹಿಳಾ ಚಿತ್ರತಂಡ 1982ರಲ್ಲಿ ‘ತಂಬಾಕು ಚಾಕಿಲಾ ಊಬ ಆಲಿ’ ಎಂಬ ಚಿಕ್ಕ ಸಾಕ್ಷ್ಯಚಿತ್ರ ಮಾಡಿತು. ದೀಪಾ ಧನರಾಜ್ ಆ ತಂಡದ ಸ್ಥಾಪಕರಲ್ಲಿ ಒಬ್ಬರು. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣಾಳುಗಳು ಹೇಗೆ ದುಡಿದರು, ಹೇಗೆ ಸಂಘ ಕಟ್ಟಿದರು, ಮುಷ್ಕರ ಮಾಡಿದರು ಎಂಬುದನ್ನು ಅವರೊಂದಿಗೇ ಕೂಡಿ ಹೇಳಿದ ಚಿತ್ರ. ಮುಷ್ಕರ ಎಂದರೆ ಕೆಲಸ ನಿಲ್ಲಿಸುವುದು ಎಂದಷ್ಟೇ ನಾವು ತಿಳಿದಿದ್ದೇವೆ. ಲಯದ ಕಡೆಯಿಂದ ನೋಡಿದರೆ ಅದು ಬೇರೆಯವರು ಹಿಡಿದಿದ್ದ ತಾಳವನ್ನು ಕಸಿದುಕೊಳ್ಳುವ ಪ್ರಯತ್ನ. ಅದಕ್ಕೂ ಒಂದು ವರ್ಷ ಮುಂಚೆ, 1981ರಲ್ಲಿ, ತಂಬಾಕಿಗೆ ನ್ಯಾಯವಾದ ಬೆಲೆ ಕೇಳಿ ರೈತರು ಇದೇ ನಿಪ್ಪಾಣಿಯ ಬಳಿ ಪುಣೆ–ಬೆಂಗಳೂರು ಹೆದ್ದಾರಿ ತಡೆದು ಕೂತಿದ್ದರು, ಪೊಲೀಸರ ಗುಂಡಿಗೆ ರೈತರು ಪ್ರಾಣ ತೆತ್ತಿದ್ದರು. ಓಡುತ್ತಿದ್ದ ಹೆದ್ದಾರಿಯ ವೇಗವನ್ನು ನಿಲ್ಲಿಸದೆ ತಮ್ಮ ಮಾತು ಯಾರ ಕಿವಿಗೂ ಬೀಳದು ಎಂದು ಅವರಿಗೆ ಅನ್ನಿಸಿತ್ತು.

ಇಷ್ಟು ತಿಳಿದಮೇಲೆ ಹ್ಯಾಜ್ಲಿಟ್‌ನ ಪ್ರಬಂಧದ ಒಂದು ಮೌನ ದೊಡ್ಡದಾಗಿ ಕೇಳಿಸುತ್ತದೆ. ಪ್ರಬಂಧದ ಕೊನೆಯಲ್ಲಿ ಅವನು ಜಾನ್ ಕ್ಯಾವನ್ಯಾ ಎಂಬ ಚೆಂಡಾಟಗಾರನ ಸಾವಿಗೆ ಬರೆದ ನುಡಿನಮನವನ್ನು ಸೇರಿಸುತ್ತಾನೆ. ಗೋಡೆಗೆ ಚೆಂಡು ಹೊಡೆಯುವ ಫೈವ್ಸ್ ಎಂಬ ಆಟದ ಚತುರ ಅವನು. ಅವನ ಹೆಸರಿದೆ, ಕಸುಬಿದೆ, ಸ್ವಭಾವವಿದೆ, ಅವನ ಆಟದ ವರಸೆಯನ್ನು ಆ ಕಾಲದ ರಾಜಕಾರಣಿಗಳ, ಬರಹಗಾರರ ಶೈಲಿಗೆ ಹೋಲಿಸುವ ಕೀಟಲೆಯೂ ಇದೆ. ಪ್ರಬಂಧಕ್ಕೆ ತನ್ನ ಜನಾಂಗದ ಗುರುತನ್ನು ಕೊಟ್ಟ ಭಾರತೀಯನಿಗೆ ಮಾತ್ರ ಹೆಸರಿಲ್ಲ. ರಾಮೋ ಸಾಮೀ ಎಂದು ಆ ಕಾಲದ ಇಂಗ್ಲೆಂಡಿನಲ್ಲಿ ಹೆಸರಾಗಿದ್ದ ಆಟಗಾರನೇ ಅವನು ಎಂದು ಹಲವರು ಊಹಿಸುತ್ತಾರೆ. ರಾಮೋ ಸಾಮೀ 1850ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡಾಗ ಶವಸಂಸ್ಕಾರಕ್ಕೂ ಹಣವಿರಲಿಲ್ಲ. ಹೆಂಡತಿ ಪತ್ರಿಕೆಯ ಮೂಲಕ ನೆರವು ಕೇಳಬೇಕಾಯಿತು. ಗುಂಡು ತೂರುತ್ತಿದ್ದವನ ದಿನದ ಗಳಿಕೆ ಎಷ್ಟು, ದಿನಕ್ಕೆ ಎಷ್ಟು ಪ್ರದರ್ಶನ, ದಣಿದ ದಿನ ಏನು ಮಾಡುತ್ತಿದ್ದ ಎಂದು ಹ್ಯಾಜ್ಲಿಟ್ ಕೇಳಲಿಲ್ಲ.

ಇದನ್ನು ಹ್ಯಾಜ್ಲಿಟ್‌ನ ಮೇಲೆ ಆರೋಪ ಹೊರಿಸಲು ಹೇಳುತ್ತಿಲ್ಲ. ಅವನೂ ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆದವನು. ಪುಟದ ಲೆಕ್ಕದಲ್ಲಿ ಹಣ, ಗಡುವಿನ ಲೆಕ್ಕದಲ್ಲಿ ಬರವಣಿಗೆ. 1823ರಲ್ಲಿ ಸಾಲಕ್ಕಾಗಿ ಬಂಧನಕ್ಕೂ ಒಳಗಾದ. ತನ್ನ ಪ್ರಬಂಧಗಳು ಅರೆಬೆಂದವು ಎಂದು ಅವನು ಕೊರಗಿದ್ದಕ್ಕೆ ಬರವಣಿಗೆ ಎಂಬ ಕಲೆಯ ಸ್ವರೂಪ ಒಂದೇ ಕಾರಣವಾಗಿರಲಾರದು. ಬೇಯಿಸಲು ಸಿಕ್ಕ ಸಮಯವೂ ಕಾರಣವೇ. ಕೌಶಲದಲ್ಲಿ ಆಟಗಾರನಿಗೂ ತನಗೂ ಇರುವ ಅಂತರವನ್ನು ಅಷ್ಟು ಸೂಕ್ಷ್ಮವಾಗಿ ಅಳೆದವನು, ಇಬ್ಬರೂ ಬೇರೆಯವರ ತಾಳಕ್ಕೆ ಕೈ ಆಡಿಸುತ್ತಿದ್ದೇವೆ ಎಂಬ ನಂಟನ್ನು ಕಾಣಲಿಲ್ಲ. ಕಂಡಿದ್ದರೆ ನಾಚಿಕೆಯ ಜಾಗದಲ್ಲಿ ಗೆಳೆತನ ಇರುತ್ತಿತ್ತು, ಪ್ರಬಂಧ ಇನ್ನೂ ದೊಡ್ಡದಾಗುತ್ತಿತ್ತು.

ನಮ್ಮ ವಿಮರ್ಶೆಗೆ ಇದರಿಂದ ಏನು? ಈ ಗಡಿಸೀಮೆಯ ಬರವಣಿಗೆಯನ್ನು ಮೆಚ್ಚುವಾಗ ನಾವು ಸಾಮಾನ್ಯವಾಗಿ ಹೇಳುವ ಮಾತು ಒಂದಿದೆ: ಕನ್ನಡ, ಮರಾಠಿ, ಹಿಂದಿಯನ್ನು ಒಟ್ಟಿಗೆ ಎಷ್ಟು ಸಲೀಸಾಗಿ ಆಡಿಸುತ್ತಾರೆ ಎಂಬುದು. ಇದು ಗುಂಡು ಎಣಿಸುವ ವಿಮರ್ಶೆ. ಚಿಕ್ಕೋಡಿಯ ಸಂತೆಯಲ್ಲಿ ಕಾಯಿಪಲ್ಲೆ ಮಾರುವಾಕೆಯೂ ಮೂರು ಭಾಷೆ ಆಡುತ್ತಾಳೆ. ಅದು ಇಲ್ಲಿಯ ಬದುಕಿನ ಅಗತ್ಯ. ಕಥೆಗಾರರಲ್ಲಿ ನಾವು ನೋಡಬೇಕಾದದ್ದು ಮೂರು ಭಾಷೆ ಗಾಳಿಯಲ್ಲಿವೆಯೆ ಎಂಬುದಕ್ಕಿಂತ, ಯಾವ ಭಾಷೆಯ ಮೇಲೆ ವಾಕ್ಯ ಒಂದು ಗಳಿಗೆ ನಿಲ್ಲುತ್ತದೆ, ಯಾವುದನ್ನು ಮುಟ್ಟಿ ಬಿಡುತ್ತದೆ ಎಂಬುದು. ಸಂಭಾಷಣೆಯಲ್ಲಿ ಭಾಷೆಗಳು ಬೇಗ ಬೇಗ ಕೈ ಬದಲಾಯಿಸುತ್ತವೆ. ದುಃಖದ ಮಾತು ಬಂದಾಗ ಪಾತ್ರ ಯಾವ ಭಾಷೆಗೆ ಹೋಗಿ ಕೂರುತ್ತದೆ? ಹೊರಗಿನ ಓದುಗರಿಗೆ ಅರ್ಥವಾಗಲಿ ಎಂಬ ಅವಸರದಲ್ಲಿ ಲೇಖಕರು ಅಲ್ಲಿಂದ ಎದ್ದುಬಿಡುತ್ತಾರೆಯೆ? ಶಾನನ್ನನ ಲೆಕ್ಕ ಇಲ್ಲೂ ಎಚ್ಚರಿಕೆ ಹೇಳುತ್ತದೆ. ಗಾಳಿಯಲ್ಲಿಟ್ಟ ಸಂಗತಿಗಳು ಹೆಚ್ಚಿದಷ್ಟೂ, ಎಂದರೆ ಗಡಿ ವಿವಾದ, ಜಾತಿ, ಕೃಷ್ಣೆಯ ಮಹಾಪೂರ, ಸಕ್ಕರೆ ಕಾರ್ಖಾನೆ, ಎರಡು ಭಾಷೆ ಎಲ್ಲವನ್ನೂ ಒಂದೇ ಕಥೆಯಲ್ಲಿ ಹಿಡಿಯಹೊರಟಷ್ಟೂ, ಲೇಖಕರಿಗೆ ತಮ್ಮ ನಡೆಯನ್ನು ಆಯ್ದುಕೊಳ್ಳುವ ಜಾಗ ಕಡಿಮೆಯಾಗುತ್ತದೆ. ಎಲ್ಲವೂ ಬೀಳದೆ ಉಳಿದವು ಎಂಬ ಸಮಾಧಾನವೊಂದೇ ಓದುಗರಿಗೆ ಸಿಗುತ್ತದೆ.

ನಿಪ್ಪಾಣಿಯ ಮರಾಠಿ ಲೇಖಕ ಮಹಾದೇವ ಮೋರೆ ಅವರನ್ನು ಇಲ್ಲಿ ನೆನೆಯಬೇಕು. ಹಿಟ್ಟಿನ ಗಿರಣಿ ನಡೆಸುತ್ತಲೇ ಈ ಭಾಗದ ದುಡಿಯುವ ಜನರ ಕಥೆ, ಕಾದಂಬರಿ ಬರೆದವರು ಅವರು. ಗಿರಣಿಗೆ ತನ್ನದೇ ಲಯವಿದೆ. ಪಟ್ಟಿ ಓಡುತ್ತಿರುವಷ್ಟು ಹೊತ್ತು ಕಾಳು ಸುರಿಯಬೇಕು, ಹಿಟ್ಟು ತುಂಬಬೇಕು, ಮುಂದಿನವರ ಡಬ್ಬಿ ಎತ್ತಿಕೊಳ್ಳಬೇಕು. ಬರವಣಿಗೆಗೆ ಬೇಕಾದ ಲಯ ಅದಲ್ಲ. ಇಂಥ ಬದುಕಿನ ಲೇಖಕರ ಬಗ್ಗೆ ಕಷ್ಟದಲ್ಲೂ ಬರೆದರು ಎಂಬ ಅನುಕಂಪದ ಮಾತು ಬೇಗ ಬರುತ್ತದೆ. ಅನುಕಂಪ ಬೇಡ. ದಿನವಿಡೀ ಯಂತ್ರದ ತಾಳಕ್ಕೆ ಆಡಿದ ಕೈ ಪುಟದ ಮೇಲೆ ಬೇರೆ ತಾಳವನ್ನು ಹೇಗೆ ಕಟ್ಟಿಕೊಂಡಿತು ಎಂದು ಓದುವುದೇ ಅವರಿಗೆ ಸಲ್ಲುವ ಗೌರವ. ಖಾನ್ ಸಾಹೇಬರು ಮೂರು ನಿಮಿಷದ ತಟ್ಟೆಯೊಳಗೆ ವಿಲಂಬಿತದ ನೆಮ್ಮದಿ ಕಂಡುಕೊಂಡದ್ದೂ ಇದೇ ಬಗೆಯ ಗೆಲುವು.

ಎಷ್ಟು ಬೇಗ ಎಂಬ ಪ್ರಶ್ನೆಯನ್ನು ಕೂಲಿ ಕೊಡುವವರೂ ಟಿಕೆಟ್ ಕೊಂಡವರೂ ಕೇಳಿಯೇ ಕೇಳುತ್ತಾರೆ, ಅದಕ್ಕೆ ವಿಮರ್ಶೆ ಬೇಕಿಲ್ಲ. ಇದೇ ಕೈಗೆ ಇದನ್ನು ಇನ್ನೂ ನಿಧಾನವಾಗಿ ಮಾಡಲು ಬರುತ್ತದೆಯೆ, ಬಂದರೆ ಹಾಗೆ ಮಾಡಲು ಯಾರು ಬಿಡುತ್ತಿಲ್ಲ ಎಂಬ ಪ್ರಶ್ನೆಯನ್ನು ಓದುಗರಾದ ನಾವು ಕೇಳಬೇಕು. ಹ್ಯಾಜ್ಲಿಟ್‌ನ ಪ್ರಬಂಧ ಈಗಲೂ ಓದಲು ಸೊಗಸಾಗಿದೆ. ಮುಂದಿನ ಸಲ ಓದುವಾಗ ನಾಲ್ಕನೆಯ ಗುಂಡು ಮೇಲೇರುವ ಗಳಿಗೆಯಲ್ಲಿ ಕಣ್ಣನ್ನು ಗುಂಡಿನಿಂದ ಕೆಳಗಿಳಿಸಿ, ಅದನ್ನು ಬಿಟ್ಟ ಅಂಗೈಯನ್ನು ನೋಡಿ. ಅದು ಎಷ್ಟು ಹೊತ್ತು ಖಾಲಿ ಇರಬಲ್ಲದು ಎಂಬುದರಲ್ಲಿ ಆ ಹೆಸರಿಲ್ಲದ ಆಟಗಾರನ ಇಡೀ ಬದುಕಿದೆ.